ಅಜ್ಜಿ ಹಾಡಿದ ಪದಕ್ಕೆ ಕಂಪನಿಯವರು ಹಕ್ಕು ಹಾಕಬಹುದಾ?

ಪ್ರಶ್ನೆ: ಅಣ್ಣಾ, ನಮ್ಮದು ಸೋಬಾನೆ ಹಾಡೋ ಹೆಂಗಸರ ತಂಡ. 1998ರಲ್ಲಿ ಒಂದು ಕಂಪನಿಗೆ ಕ್ಯಾಸೆಟ್ ಹಾಡಿಕೊಟ್ಟೆವು. ಜಾತ್ರೆಗಳಲ್ಲಿ ಚೆನ್ನಾಗಿ ಓಡಿತು. ನಮಗೆ ಸಿಕ್ಕಿದ್ದು ಬಸ್ ಚಾರ್ಜು, ಒಂದೊಂದು ಸೀರೆ. ಈಗ ಮಗ ಅದೇ ಪದಗಳನ್ನು ಹೊಸದಾಗಿ ಹಾಡಿಸಿ ಯೂಟ್ಯೂಬಿಗೆ ಹಾಕಿದರೆ ಕಾಪಿರೈಟ್ ಅಂತ ಬಂದಿದೆ. ನಮ್ಮಜ್ಜಿ ಹೇಳಿಕೊಟ್ಟ ಪದ ಅವರದ್ದು ಹೇಗಾಗುತ್ತೆ?
– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಅಕ್ಕಾ, ಪದ ಅವರದ್ದಲ್ಲ. ಕಟ್ಟಿದವರು ಯಾರೋ ಗೊತ್ತಿಲ್ಲದ, ಬಾಯಿಂದ ಬಾಯಿಗೆ ಬಂದ ಪದಕ್ಕೆ ಯಾವ ಕಂಪನಿಯೂ ಯಜಮಾನ ಆಗೋದಿಲ್ಲ. ಆದರೆ ಆ ಕ್ಯಾಸೆಟ್ಟಿನಲ್ಲಿರುವ ಧ್ವನಿಮುದ್ರಣ ಅವರದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ರೆಕಾರ್ಡಿಂಗಿನ ಹಕ್ಕು ಸಾಮಾನ್ಯವಾಗಿ ದುಡ್ಡು ಹಾಕಿ ಮಾಡಿಸಿದವರಿಗೆ. ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ ನಿಮ್ಮ ಕ್ಯಾಸೆಟ್ಟು 2058ರ ತನಕ ಅವರ ಕೈಯಲ್ಲೇ.

ನೀವು ಕಳಿಸಿದ ವಿಡಿಯೋ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನಿಮ್ಮ ಧ್ವನಿಗಳೆಲ್ಲ ಹೊಸವು, ಸರಿ. ಆದರೆ ಪದ ಶುರುವಾಗೋ ಮುಂಚೆ ಒಂದು ಕೊಳಲಿನ ಬಿಟ್ ಇದೆಯಲ್ಲ, ಅದರ ಹಿಂದೆ ಟೇಪಿನ ಸುಯ್ ಅನ್ನೋ ಸದ್ದು ಇದೆ. ಮಗ ಅದನ್ನು ಹಳೇ ಕ್ಯಾಸೆಟ್ಟಿನಿಂದಲೇ ಎತ್ತಿದ್ದಾನೆ, ಅಲ್ವಾ? ಯೂಟ್ಯೂಬಿನ ಯಂತ್ರ ಹಿಡಿದಿರೋದು ಅದನ್ನೇ ಇರಬೇಕು. ಅದನ್ನು ಕಿತ್ತುಹಾಕಿ ಮತ್ತೆ ಹಾಕಿ. ಆಮೇಲೂ ಕ್ಲೇಮ್ ಬಂದರೆ ಸುಮ್ನೆ ಕೂರಬೇಡಿ, ಡಿಸ್ಪ್ಯೂಟ್, ಅಂದರೆ ಆ ಕ್ಲೇಮ್ ಒಪ್ಪೋದಿಲ್ಲ ಅನ್ನೋ ತಕರಾರು, ಹಾಕಿ. ಉತ್ತರ ಕೊಡೋಕೆ ಕಂಪನಿಯವರಿಗಿರೋದು 30 ದಿನ.

ಕೊಳಲು ಇಲ್ಲದಿದ್ದರೆ ಸಪ್ಪೆ ಆಗುತ್ತೆ ಅಂತ ಮಗ ಹೇಳಬಹುದು. ಕೇಳಬೇಡಿ. ಹೇಳಿಕೊಡೋರ ಕೊನೇ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಉಳಿದವರು ಸೊಲ್ಲು ಎತ್ತಿಬಿಡ್ತಾರಲ್ಲ, ಸೋಬಾನೆಯ ರುಚಿ ಇರೋದೇ ಅಲ್ಲಿ. ನಿಮ್ಮ ಕ್ಯಾಸೆಟ್ಟಿನಲ್ಲಿ ಸ್ಟುಡಿಯೋದವರು ಅದನ್ನು ಕತ್ತರಿಸಿ, ನಡುವೆ ಕೀಬೋರ್ಡ್ ತುಂಬಿದ್ದಾರೆ. ಈ ಸಲ ಎಲ್ಲರೂ ಒಟ್ಟಿಗೆ ಕೂತು ಹಾಡಿ. ಒಬ್ಬೊಬ್ಬರನ್ನೇ ಗಾಜಿನ ರೂಮಿಗೆ ಕರೆದರೆ ಹೋಗಬೇಡಿ.

ಇನ್ನು ನಿಮ್ಮ ಹಕ್ಕಿನ ಮಾತು. ಹಾಡುಗಾರರಿಗೂ ಕಾನೂನಿನಲ್ಲಿ 50 ವರ್ಷದ ಹಕ್ಕಿದೆ. 2012ರ ತಿದ್ದುಪಡಿ ಆದ ಮೇಲೆ ಹಾಡಿದವರು ಇಂಥವರು ಅಂತ ಹೇಳಿಸಿಕೊಳ್ಳೋ ಹಕ್ಕೂ ಸೇರಿದೆ. ಹಳೇ ಕ್ಯಾಸೆಟ್ಟಿನ ಕವರ್ ಮೇಲೆ ‘ಮತ್ತು ಸಂಗಡಿಗರು’ ಅಂತ ಮುಗಿಸಿದ್ದರಲ್ಲ, ಈಗ ಅದು ಯೂಟ್ಯೂಬಿನಲ್ಲಿದ್ದರೆ ಎಲ್ಲರ ಹೆಸರೂ ಹಾಕಿ ಅಂತ ಕಾಗದ ಬರೆಯಿರಿ. ಹಳೇ ದುಡ್ಡಿನ ವಿಚಾರಕ್ಕೆ ನೀವು ಸಹಿ ಹಾಕಿದ ಪತ್ರ ಹುಡುಕಿಕೊಂಡು ವಕೀಲರ ಹತ್ತಿರ ಹೋಗಬೇಕು. ಅದನ್ನು ನೋಡದೆ ನಾನು ಆಸೆ ಹುಟ್ಟಿಸೋದಿಲ್ಲ.

ಪ್ರಶ್ನೆ: ನಮ್ಮ ಭಜನೆ ತಂಡದ ಆಲ್ಬಮ್ಮಿಗೆ ಕೈವಾರ ತಾತಯ್ಯನವರ ತತ್ವಪದ ಮತ್ತು ಕೆಲವು ಹೋರಾಟದ ಹಾಡು ಸೇರಿಸಬೇಕು. ಎಲ್ಲಾ ಜಾನಪದವೇ ತಾನೇ?
– ಚಿಂತಾಮಣಿ

ಉತ್ತರ: ಅಲ್ಲ. ತಾತಯ್ಯನವರ ಪದಗಳಿಗೆ ಯಾರ ಅನುಮತಿಯೂ ಬೇಡ, ಅವರು 19ನೇ ಶತಮಾನದಲ್ಲೇ ಹೋದವರು. ಹೋರಾಟದ ಹಾಡುಗಳನ್ನು ಮಾತ್ರ ನೋಡಿಕೊಂಡು ಸೇರಿಸಿ. ತಮಟೆ ಜೊತೆ ಹಾಡಿದ ಮಾತ್ರಕ್ಕೆ ಜಾನಪದ ಆಗೋದಿಲ್ಲ. ಇಂಥ ಹೋರಾಟದ ಹಾಡು ಬರೆದ ಕವಿ ಸಿದ್ಧಲಿಂಗಯ್ಯನವರು ತೀರಿಕೊಂಡದ್ದು 2021ರಲ್ಲಿ. ಕವಿ ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ, ಅಂದರೆ 2081ರವರೆಗೆ. ಹಕ್ಕು ಇರುವವರನ್ನು ಕೇಳಿ, ಕವಿಯ ಹೆಸರು ಹಾಕಿ. ನಮ್ಮ ಕಡೆ ಎಷ್ಟೋ ಆಲ್ಬಮ್‌ಗಳಲ್ಲಿ ಬದುಕಿರೋ ಕವಿಯ ಹಾಡಿಗೂ ‘ಜನಪದ ಗೀತೆ’ ಅಂತ ಹಾಕಿಬಿಡ್ತಾರೆ. ನೋಡಿದರೆ ಸಿಟ್ಟು ಬರುತ್ತೆ.

ಪ್ರಶ್ನೆ: ತಮಟೆ ಬದಲು ರಿದಂ ಪ್ಯಾಡ್ ಸಾಕಾ?
– ಮಾಲೂರು

ಉತ್ತರ: ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೆ, ಪ್ಯಾಡಿಗಲ್ಲ! ತಮಟೆಯವರನ್ನೇ ಕರೆಸಿ. ಎಸಿ ರೂಮಿನಲ್ಲಿ ಚರ್ಮ ಬೇಗ ಸಡಿಲ ಆಗುತ್ತೆ, ಆಗಾಗ ಹೊರಗೆ ಹೋಗಿ ಬೆಂಕಿಗೆ ಕಾಯಿಸಬೇಕು. ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದಲ್ಲಿದ್ದರೆ ಆ ಹೊತ್ತನ್ನೂ ಸೇರಿಸಿ ಮೊದಲೇ ಮಾತಾಡಿಕೊಳ್ಳಿ.