ಫೋಟೋ ತೆಗೆಯೋರು ಬೇರೆ, ಓದೋರು ಬೇರೆ

ನಿಮ್ಮ ಪ್ರಶ್ನೆ ಇದು: "ಅಪ್ಪನಿಗೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಯ್ತು. ಏನಿದೆ ಅಂತ ಕೇಳಿದರೆ ಸ್ಕ್ಯಾನ್ ಮಾಡಿದವರು ಬಾಯಿ ಬಿಡಲಿಲ್ಲ. ರಿಪೋರ್ಟಿನ ಕೆಳಗೆ ನಾವು ನೋಡೇ ಇರದ ರೇಡಿಯಾಲಜಿಸ್ಟ್ ಸಹಿ. ಇವರು ಮಾಡೋದಾದರೂ ಏನು? ರಿಪೋರ್ಟ್ ಮಷೀನೇ ಕೊಡಲ್ವಾ?"

ಕೊಡಲ್ಲ. ಚಿತ್ರ ಓದಿ ರಿಪೋರ್ಟ್ ಬರೆಯುವ ಡಾಕ್ಟರೇ ರೇಡಿಯಾಲಜಿಸ್ಟ್. ನಾನು ಶಿರಸಿಯಲ್ಲಿ ಅದೇ ಕೆಲಸ ಮಾಡುವವಳು. ನಿಮ್ಮ ಅನುಮಾನ ನನಗೆ ಹೊಸದೇನಲ್ಲ, ನಮ್ಮ ಮನೆಯವರಿಗೇ ಇದೆ.

ನಿಮ್ಮ ಅಪ್ಪನನ್ನು ಮಲಗಿಸಿ "ಉಸಿರು ಹಿಡೀರಿ" ಅಂದವರು ಟೆಕ್ನಿಷಿಯನ್. ಸೊಕ್ಕಿನಿಂದ ಸುಮ್ಮನಿದ್ದದ್ದಲ್ಲ. ಚಿತ್ರ ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ಅವರ ಕೆಲಸ, ಕಾಯಿಲೆ ಯಾವುದು ಅನ್ನುವುದು ಅವರ ಕೆಲಸ ಅಲ್ಲ. ಆ ಚಿತ್ರಗಳು ಮಂದ ಬೆಳಕಿನ ಒಂದು ಕೋಣೆಗೆ ಬರುತ್ತವೆ. ನಾನು ಕೂರುವುದು ಅಲ್ಲಿ. ರಾತ್ರಿ ಹೊತ್ತಲ್ಲಿ ಸಣ್ಣ ಊರಿನ ಎಷ್ಟೋ ಸ್ಕ್ಯಾನ್‌ಗಳು ನೆಟ್ ಮೂಲಕ ದೂರದ ಊರಿಗೆ ಹೋಗುತ್ತವೆ, ಅಲ್ಲಿ ಕೂತವರು ಓದಿ ಕಳಿಸುತ್ತಾರೆ. ಎಲ್ಲಿ ಕೂತಿದ್ದರೂ ಅವರು ಡಾಕ್ಟರೇ. ಎಂಬಿಬಿಎಸ್ ಐದೂವರೆ ವರ್ಷ, ಅದಾದ ಮೇಲೆ ಇದಕ್ಕೇ ಅಂತ 3 ವರ್ಷ ಎಂಡಿ.

ಅಲ್ಟ್ರಾಸೌಂಡ್ ಆದರೆ ನಾನೇ ಮಾಡುತ್ತೇನೆ, ಮುಖಾಮುಖಿ. ಆದರೂ ಏನೂ ಪ್ರಯೋಜನ ಇಲ್ಲ ಅನ್ನಿ! ಒಮ್ಮೆ ಒಬ್ಬರು ಅಜ್ಜಿಯ ಹೊಟ್ಟೆಗೆ ಜೆಲ್ ಹಚ್ಚಿ ಪಿತ್ತಕೋಶದ ಕಲ್ಲು ತೋರಿಸಿದೆ. ಎದ್ದು ಸೆರಗು ಸರಿ ಮಾಡಿಕೊಂಡವರು, "ಚೊಲೋ ಮಾಡ್ತೆ ತಂಗಿ. ಮುಂದೆ ಡಾಕ್ಟ್ರು ಓದ್ತಿಲ್ಯ?" ಅಂತ ಕೇಳಿದರು. ನೋಡ್ತೇನೆ ಅಜ್ಜಿ ಅಂದೆ.

ಓದುವುದು ಅಂದರೆ ಹೇಗೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಅಡಿಕೆ ಕೊನೆ ಕೊಯ್ಲಿನ ಸಮಯ. ಮರದಿಂದ ಜಾರಿ ಬಿದ್ದ ಒಬ್ಬ ಕೊನೆಗೌಡನನ್ನು (ಮರ ಹತ್ತಿ ಗೊನೆ ಇಳಿಸುವವನನ್ನು) ಕರೆತಂದರು. ಚೀಟಿಯಲ್ಲಿ ಬರೆದದ್ದು "ಬಲಗಾಲು, ಹಿಮ್ಮಡಿ ಎಕ್ಸ್‌ರೇ" ಅಂತ ಮಾತ್ರ. ಹಿಮ್ಮಡಿ ಮೂಳೆ ಮುರಿದಿತ್ತು, ಅದು ಯಾರಿಗಾದರೂ ಕಾಣುವ ಹಾಗೇ ಇತ್ತು. ಆದರೆ ಎತ್ತರದಿಂದ ಕಾಲೂರಿ ಬಿದ್ದವರ ಪೆಟ್ಟು ಹಿಮ್ಮಡಿಯಲ್ಲೇ ನಿಲ್ಲುವುದಿಲ್ಲ, ಬೆನ್ನಿನವರೆಗೂ ಏರುತ್ತದೆ. ಹೊರಗೆ ಹೋಗಿ, "ಸೊಂಟ ನೋಯ್ತದಾ?" ಅಂತ ಕೇಳಿದೆ. "ಕಾಲಿನ ನೋವೇ ಜಾಸ್ತಿ ಅಮ್ಮಾ, ಸೊಂಟ ಏನೋ ಹಿಡಕೊಂಡಂಗಿದೆ" ಅಂದ. ಕಳಿಸಿದ ಡಾಕ್ಟರಿಗೆ ಫೋನ್ ಮಾಡಿ ಬೆನ್ನಿನದ್ದೂ ತೆಗೆಸಿದೆವು. ಸೊಂಟದ ಮೇಲಿನ ಬೆನ್ನುಮೂಳೆಯ ಒಂದು ಮಣಿ ಮುಂದುಗಡೆಯಿಂದ ಜಜ್ಜಿ ಹೋಗಿತ್ತು. ಅಷ್ಟು ಹೊತ್ತು ಅವನು ಬೆಂಚಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದ.

ನಿಮ್ಮ ಅಪ್ಪನ ಸಿಟಿಯಲ್ಲೂ ನೂರಾರು ಚಿತ್ರ ಇರುತ್ತವೆ. ಕವರಿನಲ್ಲಿ ಕೊಡುವ ಒಂದೆರಡು ಫಿಲ್ಮ್ ಬರೀ ಸ್ಯಾಂಪಲ್. ಕಲ್ಲು ಇದೆಯಾ ನೋಡಿ ಅಂತ ಚೀಟಿ ಬಂದಿದ್ದರೂ ಲಿವರ್, ಕರುಳು, ರಕ್ತನಾಳ, ಶ್ವಾಸಕೋಶದ ಬುಡ, ಮೂಳೆ ಎಲ್ಲವನ್ನೂ ಮೇಲಿಂದ ಕೆಳಗೆ ಉರುಳಿಸಿ ನೋಡಬೇಕು. ಕೇಳದೇ ಇದ್ದದ್ದು ಸಿಗುವುದು ಅಲ್ಲೇ.

ಹಾಗಾದರೆ ಏನಿದೆ ಅಂತ ನೇರವಾಗಿ ಹೇಳಬಾರದಾ? ಎದುರಿಗೆ ಇದ್ದರೆ ನಾನು ಹೇಳುತ್ತೇನೆ, ಆದರೆ ಅಳತೆ ಮಾಡಿ. ಎದೆಯ ಎಕ್ಸ್‌ರೇಯಲ್ಲಿ ಒಂದು ಬಿಳಿ ಮಚ್ಚೆ ಕಂಡಿತು ಅಂತಿಟ್ಟುಕೊಳ್ಳಿ. ನ್ಯುಮೋನಿಯಾ ಇರಬಹುದು, ಟಿಬಿ ಇರಬಹುದು, ಎಂದೋ ವಾಸಿಯಾದ ಕಲೆ ಇರಬಹುದು, ಗಡ್ಡೆಯೂ ಇರಬಹುದು. ಜ್ವರ ಎಷ್ಟು ದಿನದ್ದು, ರಕ್ತ ಪರೀಕ್ಷೆ ಏನು ಹೇಳಿತು, ಬೀಡಿ ಸೇದುತ್ತಾರಾ, ಇದೆಲ್ಲ ಗೊತ್ತಿರುವುದು ನಿಮ್ಮನ್ನು ಕಳಿಸಿದ ಡಾಕ್ಟರಿಗೆ. ರಿಪೋರ್ಟಿನ ಕೊನೆಗೆ ರೋಗ ಲಕ್ಷಣದ ಜೊತೆ ತಾಳೆ ನೋಡಿ ಅಂತ ಬರೆಯುತ್ತೇವಲ್ಲ, ಅದಕ್ಕೇ. (ಕೆಲವೊಮ್ಮೆ ನಮ್ಮವರು ಜಾರಿಕೊಳ್ಳಲೂ ಅದನ್ನೇ ಬರೆಯುತ್ತಾರೆ, ಸುಳ್ಳು ಯಾಕೆ ಹೇಳಲಿ.) ಗರ್ಭಿಣಿಯರ ಸ್ಕ್ಯಾನ್‌ನಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ಮಾತ್ರ ಹೇಳುವ ಹಾಗೇ ಇಲ್ಲ, 1994ರ ಕಾನೂನು ಇದೆ.

ಕಾರವಾರದ ಕಡೆಯವರು ಇನ್ನೊಂದು ಕೇಳುತ್ತಾರೆ: ಕೈಗಾ ಅಣುಸ್ಥಾವರ ಪಕ್ಕದಲ್ಲೇ ಇದೆ, ಅದರ ಮೇಲೆ ಇದೂ ವಿಕಿರಣ ಬೇಕಾ? ಅಲ್ಟ್ರಾಸೌಂಡ್ ಮತ್ತು ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲವೇ ಇಲ್ಲ. ಎದೆಯ ಒಂದು ಎಕ್ಸ್‌ರೇ ಅಂದರೆ ಹತ್ತು ಹದಿನೈದು ದಿನ ಸುಮ್ನೆ ಮನೆಯಲ್ಲಿದ್ದರೂ ಮಣ್ಣು, ಗಾಳಿ, ಆಕಾಶದಿಂದ ನಮಗೆ ತಾಗುವಷ್ಟು. ಹೊಟ್ಟೆಯ ಸಿಟಿ ಅಂದರೆ ಅಂದಾಜು ಮೂರು ವರ್ಷದಷ್ಟು. ಬೇಕಾದಾಗ ಹೆದರಬೇಡಿ. "ಎಲ್ಲದಕ್ಕೂ ಒಂದು ಸಿಟಿ ಬರೆದುಕೊಡಿ" ಅಂತ ನೀವಾಗಿ ಕೇಳಲೂ ಬೇಡಿ.

ನೀವು ಮಾಡಬಹುದಾದ ಸಹಾಯ ಒಂದಿದೆ. ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗುವಾಗ ಹೊಸ ರಿಪೋರ್ಟ್ ಮಾತ್ರ ಹಿಡಿದುಕೊಂಡು ಹೋಗಬೇಡಿ. ಹಳೇ ಫಿಲ್ಮ್, ಸಿಡಿ ಎಲ್ಲ ಒಯ್ಯಿರಿ. ಹಿಂದೆ ಆದ ಆಪರೇಷನ್ ಹೇಳಿ, "ಅದು ಹಳೇ ಕಥೆ" ಅಂತ ಬಿಡಬೇಡಿ.

ಹೋದ ಮಳೆಗಾಲದಲ್ಲಿ ಒಬ್ಬ ಹೆಂಗಸಿನ ಶ್ವಾಸಕೋಶದಲ್ಲಿ ಕಡಲೆಕಾಳಿನಷ್ಟು ಚುಕ್ಕೆ ಕಂಡಿತು. ಹಳೇದೇನಾದರೂ ಇದೆಯಾ ಅಂದೆ. ಮಗ ಬೈಕ್ ಹತ್ತಿ ಊರಿಗೆ ಹೋಗಿ, ಎರಡು ತಾಸಿನಲ್ಲಿ ನಾಲ್ಕು ವರ್ಷದ ಹಿಂದಿನ ಎಕ್ಸ್‌ರೇ ತಂದ. ಅಟ್ಟದ ಮೇಲೆ ಇಟ್ಟಿದ್ದರಂತೆ. ಕವರಿಗೆ ಬೂಷ್ಟು ಹಿಡಿದಿತ್ತು, ಫಿಲ್ಮಿಗೆ ಹೊಗೆ ವಾಸನೆ. ಲೈಟಿಗೆ ಹಿಡಿದು ನೋಡಿದೆ. ಅದೇ ಜಾಗ, ಅದೇ ಗಾತ್ರ. "ಹಳೆಯ ಕಲೆ, ಬದಲಾವಣೆ ಇಲ್ಲ" ಅಂತ ಬರೆದೆ. ಆ ಮಗ ನನ್ನನ್ನು ಬಿಟ್ಟು ಟೆಕ್ನಿಷಿಯನ್‌ಗೆ ಥ್ಯಾಂಕ್ಸ್ ಹೇಳಿ ಹೋದ.