ಕ್ಯೋಟೋದ ದೇವಾಲಯಗಳನ್ನು ನಡೆದು ನೋಡಲು ಖಾಸಗಿ ಮಾರ್ಗದರ್ಶಿ ಬೇಕೇ?

ದಾರಿ ತೋರಿಸುವುದಕ್ಕಷ್ಟೇ ಆದರೆ ಬೇಕಿಲ್ಲ. ಕಂಡದ್ದರ ಅರ್ಥ ತಿಳಿಯಬೇಕೆಂದರೆ ಅರ್ಧ ದಿನದ ಮಟ್ಟಿಗೆ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ 6 ಗಂಟೆಗೇ ತೆರೆಯುವ ಕಿಯೋಮಿಜು-ದೇರಾ ಎಂಬ ಬೌದ್ಧ ದೇವಾಲಯದಿಂದ ಹೊರಟು, ಸನ್ನೆನ್‌ಜಾಕಾ ಮತ್ತು ನಿನೆನ್‌ಜಾಕಾ ಎಂಬ ಕಲ್ಲುಹಾಸಿನ ಇಳಿಜಾರುಗಳ ಮೂಲಕ ಯಾಸಾಕಾ ಎಂಬ ಶಿಂತೋ (ಜಪಾನಿನ ಮೂಲಧರ್ಮದ) ಗುಡಿಯನ್ನು ತಲುಪುವ ದಾರಿಯನ್ನು ಫಲಕಗಳನ್ನು ನೋಡಿಕೊಂಡೇ ಕ್ರಮಿಸಬಹುದು. ಬೌದ್ಧ ದೇವಾಲಯದಲ್ಲಿ ಸದ್ದಿಲ್ಲದೆ ಕೈಮುಗಿಯಬೇಕು, ಶಿಂತೋ ಗುಡಿಯಲ್ಲಿ ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಬೇಕು ಎಂಬಷ್ಟು ತಿಳಿದಿದ್ದರೆ ಸಾಕು.

ಮಾರ್ಗದರ್ಶಿ ನಿಜವಾಗಿ ಬೇಕೆನಿಸುವುದು ಸಂಜೂಸಂಗೆಂದೋದಲ್ಲಿ. 1266ರಲ್ಲಿ ಮರುನಿರ್ಮಾಣಗೊಂಡ, ಸುಮಾರು 120 ಮೀಟರ್ ಉದ್ದದ ಆ ಮರದ ಮಂದಿರದಲ್ಲಿ 1,001 ಕನ್ನೋನ್ ವಿಗ್ರಹಗಳಿವೆ. ಕನ್ನೋನ್ ಎಂದರೆ ಕರುಣೆಯ ಬೋಧಿಸತ್ವನಾದ ನಮ್ಮ ಅವಲೋಕಿತೇಶ್ವರನೇ. ಜೊತೆಗಿರುವ 28 ಪರಿವಾರ ದೇವತೆಗಳಲ್ಲಿ ಬ್ರಹ್ಮ, ಇಂದ್ರ, ಕೊಳಲೂದುವ ಗರುಡ ಕೂಡ ಇದ್ದಾರೆ. ಜಪಾನಿ ಹೆಸರು, ಉಡುಪುಗಳಲ್ಲಿರುವ ಇವರನ್ನು ನಾವಾಗಿಯೇ ಗುರುತಿಸುವುದು ಕಷ್ಟ. ಒಳಗೆ ಫೋಟೋ ತೆಗೆಯುವಂತಿಲ್ಲವಾದ್ದರಿಂದ ಆಮೇಲೆ ವಿಚಾರಿಸೋಣವೆನ್ನುವಂತೆಯೂ ಇಲ್ಲ.

ಜಪಾನಿನಲ್ಲಿ 2018ರ ಕಾನೂನು ತಿದ್ದುಪಡಿಯ ನಂತರ ಪರವಾನಗಿಯಿಲ್ಲದವರೂ ಹಣ ಪಡೆದು ಮಾರ್ಗದರ್ಶಿಯ ಕೆಲಸ ಮಾಡಬಹುದಾದ್ದರಿಂದ, ಮಾರ್ಗದರ್ಶಿಗಳ ರಾಷ್ಟ್ರೀಯ ಪರೀಕ್ಷೆಯಲ್ಲಿ ಉತ್ತೀರ್ಣರಾದವರೇ ಎಂಬುದನ್ನೂ, ಪ್ರವೇಶ ಶುಲ್ಕ ಅವರ ದರದಲ್ಲಿ ಸೇರಿದೆಯೇ ಎಂಬುದನ್ನೂ ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.