ಫೀಸಿಲ್ಲದ ಕೇಸ್ ಫೈಲ್ ರಾಶಿಯ ಅಡಿಗೆ ಹೋಗದಿರಲಿ

ಪ್ರಶ್ನೆ: ನಾನು ಆರು ವರ್ಷದಿಂದ ವಕೀಲಿಕೆ ಮಾಡುತ್ತಿದ್ದೇನೆ. ನನ್ನ ಸೀನಿಯರ್ ಮೂವತ್ತು ವರ್ಷ ಕೋರ್ಟಿನಲ್ಲಿ ಹೆಸರು ಮಾಡಿದವರು. ಈಗಲೂ ಬಡವರ ಕೇಸುಗಳನ್ನು ಫೀಸಿಲ್ಲದೆ ನಡೆಸುತ್ತಾರೆ. ನನಗೂ ಆಸೆ ಇದೆ, ಆದರೆ ಸಂಪಾದನೆ ಇನ್ನೂ ಅಷ್ಟಕ್ಕಷ್ಟೆ. ಸ್ವಲ್ಪ ನೆಲೆ ನಿಂತ ಮೇಲೆ ಶುರು ಮಾಡಿದರೆ ಸಾಕಲ್ವಾ?

ಉತ್ತರ: ‘ಆಮೇಲೆ’ ಅಂದ ಎಷ್ಟೋ ಗೆಳೆಯರು ಆಮೇಲೂ ಮಾಡಲಿಲ್ಲ. ಹೆಸರು ಬಂದಷ್ಟೂ ಬಿಡುವು ಕಡಿಮೆ. ವರ್ಷಕ್ಕೆ ಒಂದೇ ಕೇಸ್ ಹಿಡಿಯಿರಿ, ಆದರೆ ಈಗಲೇ. ಅಮೆರಿಕದ ವಕೀಲರ ಸಂಘದ ಮಾದರಿ ನಿಯಮ ಇಂಥ ಕೆಲಸಕ್ಕೆ ವರ್ಷಕ್ಕೆ ಕನಿಷ್ಠ 50 ಗಂಟೆ ಎನ್ನುತ್ತದೆ. ಕಡ್ಡಾಯವೇನಲ್ಲ. ವಾರಕ್ಕೆ ಒಂದು ಗಂಟೆಯೂ ಆಗಲಿಲ್ಲ ನೋಡಿ.

ನನಗೆ ಚಿಂತೆ ಗಂಟೆಯದ್ದಲ್ಲ. ಫೀಸಿಲ್ಲದ ಈ ಕೆಲಸಕ್ಕೆ ‘ಪ್ರೋ ಬೋನೋ’ ಅನ್ನುತ್ತಾರೆ. ಅದಕ್ಕೆ ಪುಕ್ಕಟೆ ಅಂತ ಅರ್ಥವಲ್ಲ, ಪೂರ್ತಿ ಲ್ಯಾಟಿನ್ ಮಾತಿನ ಅರ್ಥ ‘ಜನರ ಒಳಿತಿಗಾಗಿ’. ಆದರೂ ಅಂಥ ಫೈಲ್ ರಾಶಿಯ ಅಡಿಗೆ ಹೋಗಿಬಿಡುತ್ತದೆ. ನನ್ನದೂ ಹೋಗಿತ್ತು. ಶುರುವಿನ ದಿನಗಳಲ್ಲಿ ಒಬ್ಬ ಹೆಂಗಸಿನ ಬಾಡಿಗೆ ಮನೆ ಕೇಸು. ವಿಚಾರಣೆಯ ಹಿಂದಿನ ರಾತ್ರಿ ಫೈಲ್ ಬಿಚ್ಚಿದೆ. ರಸೀದಿಗಳಲ್ಲಿ ಒಂದು ತಿಂಗಳದ್ದು ಇಲ್ಲ! ಕೇಳೋಣವೆಂದರೆ ಆಕೆಯ ಬಳಿ ಫೋನಿಲ್ಲ. ಬೆಳಿಗ್ಗೆ ಕೋರ್ಟಿನಲ್ಲಿ ವಾಯಿದೆ ಕೇಳಿಕೊಂಡೆ. ಕೂಲಿ ಬಿಟ್ಟು ಬಂದಿದ್ದ ಆಕೆ ‘ಪರವಾಗಿಲ್ಲ ಸಾರ್’ ಅಂದರು. ಫೀಸು ಕೊಟ್ಟವರಾಗಿದ್ದರೆ ಸರಿಯಾಗಿ ಬೈಯುತ್ತಿದ್ದರು.

ತಯಾರಿಗೆ ಎಷ್ಟು ಬೆಲೆ ಅಂತ ನೋಡಬೇಕಾದರೆ ಗಿಡಿಯನ್ ಕೇಸ್ ಓದಿ. 1961ರಲ್ಲಿ ಫ್ಲಾರಿಡಾದ ಕ್ಲಾರೆನ್ಸ್ ಗಿಡಿಯನ್ ಮೇಲೆ ಕಳ್ಳತನಕ್ಕೆ ಪೂಲ್ ಹಾಲ್‌ಗೆ (ಬಿಲಿಯರ್ಡ್ಸ್‌ನಂಥ ಆಟ ಆಡುವ ಜಾಗ) ನುಗ್ಗಿದ ಆರೋಪ. ವಕೀಲರನ್ನು ಕೊಡಿ ಎಂದರೆ ಕೋರ್ಟ್ ಕೊಡಲಿಲ್ಲ. ತಾನೇ ವಾದಿಸಿ ಸೋತ, ಐದು ವರ್ಷ ಶಿಕ್ಷೆ ಆಯಿತು. ಜೈಲಿನಿಂದ ಪೆನ್ಸಿಲ್‌ನಲ್ಲಿ ಅರ್ಜಿ ಬರೆದ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಕೀಲ ಏಬ್ ಫೋರ್ಟಸ್ ಫೀಸಿಲ್ಲದೆ ವಾದಿಸಿ 1963ರಲ್ಲಿ ಗೆದ್ದರು. ಅದೇ ವರ್ಷ ಮರುವಿಚಾರಣೆ. ‘ನನ್ನನ್ನು ಕರೆದುಕೊಂಡು ಹೋಗಿದ್ದು ಯಾರಿಗೂ ಹೇಳಬೇಡ’ ಅಂತ ಗಿಡಿಯನ್ ಅಂದಿದ್ದ ಎಂಬ ಟ್ಯಾಕ್ಸಿ ಚಾಲಕನ ಮಾತು ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಈ ಸಲ ಪಕ್ಕದಲ್ಲಿ ವಕೀಲರಿದ್ದರು. ಗಿಡಿಯನ್ ಮೊದಲೂ ಹಾಗೆ ಹೇಳಿದ್ದುಂಟಾ ಅಂತ ಅವರು ಚಾಲಕನನ್ನು ಕೇಳಿದರು. ಹೌದು, ಅವನಿಗೆ ಹೆಂಡತಿ ಜೊತೆ ತಕರಾರಿತ್ತು ಅಂದ ಚಾಲಕ. ಅನುಮಾನದ ಗಾಳಿ ಅಲ್ಲೇ ಇಳಿಯಿತು. ಗಿಡಿಯನ್ ಬಿಡುಗಡೆಯಾದ.

ಹಾಗಾಗಿ ನಿಮಗೆ ಪಳಗಿದ ವಿಷಯದ ಕೇಸನ್ನೇ ತಗೊಳ್ಳಿ. ಎಲ್ಲಿಯವರೆಗೆ ನಡೆಸುತ್ತೀರಿ, ಅಪೀಲು ಮಾಡುತ್ತೀರಾ, ಕೋರ್ಟ್ ಖರ್ಚು ಯಾರದ್ದು, ಇಷ್ಟನ್ನೂ ಮೊದಲೇ ಬರೆದು ಕೊಡಿ. ವಿಚಾರಣೆಯ ದಿನ ಫೀಸು ಕೊಟ್ಟವರ ಕೇಸುಗಳಿರುವ ಡೈರಿಯಲ್ಲೇ ಇರಲಿ, ಬೇರೆ ಪುಸ್ತಕ ಬೇಡ. ಆಗಲ್ಲ ಅನಿಸಿದರೆ ಅವತ್ತೇ ಹೇಳಿಬಿಡಿ. ದಾವೆ ಹಾಕುವ ಗಡುವು ಮುಗಿದ ಮೇಲೆ ಹೇಳಿದರೆ, ಅವರಿಗೆ ಇನ್ನೊಬ್ಬ ವಕೀಲರು ಸಿಕ್ಕರೂ ಏನು ಮಾಡಲಾಗುತ್ತದೆ?